ಪ್ರಾರ್ಥನೆಯ ದಿಕ್ಕು ತೋರುವ ಹಳೆಯ ಯಹೂದಿ ಪಟ: ಲ್ಯಾಮಿನೇಷನ್ ಮಾಡಿಸಬಹುದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯಲ್ಲಿ. ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಫ್ರೇಮ್ ಹಾಕಿದ ಬಣ್ಣದ ಪಟವೊಂದು ಸಿಕ್ಕಿತು. ನಡುವೆ ದೊಡ್ಡದಾಗಿ ನಾಲ್ಕು ಹೀಬ್ರೂ ಅಕ್ಷರ, ಸುತ್ತ ಸಿಂಹ, ಜಿಂಕೆ, ಹದ್ದು, ಚಿರತೆ. ‘ಮಿಜ್ರಾಹ್, ನೂರೈವತ್ತು ವರ್ಷ ಹಳೆಯದು’ ಅಂತ ಮಾರುವವರು ಹೇಳಿದರು. ನಂಬಬಹುದಾ? ಕಾಗದ ಕಂದಾಗಿ ಅಂಚು ಉದುರುತ್ತಿದೆ. ಲ್ಯಾಮಿನೇಷನ್ ಮಾಡಿಸಲಾ?

ಉತ್ತರ (ಕಾಗದ ಸಂರಕ್ಷಣೆ ನನ್ನ ಕೆಲಸ): ಲ್ಯಾಮಿನೇಷನ್ ಖಂಡಿತ ಬೇಡ ಸರ್. ಬಿಸಿಗೆ ಕರಗಿದ ಅಂಟು ಕಾಗದದೊಳಕ್ಕೆ ಇಳಿದರೆ ಮತ್ತೆ ಬಿಡಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಮಿಜ್ರಾಹ್ ಎಂದರೆ ಪೂರ್ವ. ಯಹೂದಿಗಳು ಜೆರುಸಲೇಮಿನ ಕಡೆ ಮುಖಮಾಡಿ ಪ್ರಾರ್ಥಿಸುತ್ತಾರೆ. ಯುರೋಪಿನವರಿಗೆ ಅದು ಪೂರ್ವಕ್ಕೆ ಬೀಳುವುದರಿಂದ ಮನೆಯ ಆ ಗೋಡೆಗೆ ಇದನ್ನು ತೂಗುಹಾಕುತ್ತಿದ್ದರು. ಆ ನಾಲ್ಕು ಪ್ರಾಣಿಗಳು ಸುಮ್ಮನೆ ಅಲಂಕಾರಕ್ಕಲ್ಲ. ದೇವರ ಇಚ್ಛೆ ನಡೆಸಲು ಚಿರತೆಯಂತೆ ದಿಟ್ಟನಾಗು, ಹದ್ದಿನಂತೆ ಹಗುರಾಗು, ಜಿಂಕೆಯಂತೆ ಓಡು, ಸಿಂಹದಂತೆ ಬಲಶಾಲಿಯಾಗು ಎನ್ನುತ್ತದೆ ‘ಪಿರ್ಕೇ ಅವೋತ್’ ಎಂಬ ಯಹೂದಿ ನೀತಿವಚನಗಳ ಹಳೆಯ ಗ್ರಂಥ.

ವಯಸ್ಸಿಗೆ ಮಾರುವವರ ಮಾತನ್ನು ಲೆಕ್ಕಕ್ಕೆ ತಗೋಬೇಡಿ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತಗೊಳ್ಳಿ. ಬಣ್ಣ ಒರಟು ಕಾಳುಕಾಳಾಗಿ, ಅಂಕೆಯಿಲ್ಲದೆ ಹರಡಿದ್ದರೆ ಕಲ್ಲಚ್ಚು, 19ನೇ ಶತಮಾನದ್ದಿರಬಹುದು. ಸಾಲುಹಿಡಿದ ಒಂದೇ ಅಂತರದ ಚುಕ್ಕಿಗಳಿದ್ದರೆ ಫೋಟೋ ತೆಗೆದು ಅಚ್ಚು ಮಾಡಿದ್ದು. ಬಹುಪಾಲು 20ನೇ ಶತಮಾನದ್ದು. ಅಡಿಯಲ್ಲಿ ಅಚ್ಚಾದ ವರ್ಷ ಯಹೂದಿ ಪಂಚಾಂಗದಂತೆ ಹೀಬ್ರೂ ಅಕ್ಷರಗಳಲ್ಲೇ ಇರಬಹುದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ, ಸಾವಿರದ ಸ್ಥಾನವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕೂಡಿದಾಗ 635 ಬಂದರೆ 1240 ಸೇರಿಸಿ: 1875, ಇಲ್ಲವೇ ಅದರ ಹಿಂದಿನ ವರ್ಷದ ಕೊನೆಯ ತಿಂಗಳುಗಳು.

ಕಂದಾಗಿದ್ದಕ್ಕೆ ಮರದ ತಿರುಳಿನ ಕಾಗದದಲ್ಲಿರುವ ಆಮ್ಲ ಕಾರಣ. ಹಿಂಬದಿಗೆ ಮರದ ಹಲಗೆಯೋ ಮಾಮೂಲಿ ರಟ್ಟೋ ಇದ್ದರೆ ಇನ್ನೂ ಕೇಡು. ಆಮ್ಲರಹಿತ ರಟ್ಟು ಹಾಕಿಸಿ, ಗಾಜು ಪಟಕ್ಕೆ ತಾಗದಂತೆ ಅಂತರ ಬಿಡಿಸಿ, ಬಿಸಿಲು ಬೀಳದ ಗೋಡೆ ನೋಡಿ. ಸೆಲೋಟೇಪ್ ಅಂತೂ ಹತ್ತಿರ ತರಬೇಡಿ. ಪಟ ಹಲಗೆಗೇ ಅಂಟಿದ್ದರೆ ನೀವು ಕೀಳಲು ಹೋಗದೆ ಸಂರಕ್ಷಕರಿಗೆ ಕೊಡಿ.

ಪ್ರಶ್ನೆ: ತುಂಬಾ ಉಪಕಾರ ಮೇಡಂ. ಬೆಂಗಳೂರಿಗೆ ವಾಪಸಾದ ಮೇಲೂ ಪೂರ್ವದ ಗೋಡೆಗೇ ಹಾಕಬೇಕಾ?

ಉತ್ತರ: ನಿಮಗೆ ಅದು ಕಲಾವಸ್ತು, ಎಲ್ಲಿ ಬೇಕಾದರೂ ಹಾಕಿ. ದಿಕ್ಕಿನ ಲೆಕ್ಕವೇ ಬೇಕೆಂದರೆ ನಮ್ಮಿಂದ ಜೆರುಸಲೇಮ್ ಪಶ್ಚಿಮಕ್ಕಿದೆ. ಕೊಚ್ಚಿಯ ಪರದೇಸಿ ಸಿನಗಾಗಿನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ತೋರಾ ಎಂಬ ಧರ್ಮಗ್ರಂಥದ ಸುರುಳಿಗಳ ಕಪಾಟು ಇರುವುದೂ ಪಶ್ಚಿಮದ ಗೋಡೆಯಲ್ಲೇ. ಬೆಂಗಳೂರಿನ ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆ ಮಾತ್ರ ಬೇಡ.