ಊರಿಗೆ ಹೋದಾಗ ಮಕ್ಕಳಿಗೆ ಹೊಲ ತೋರಿಸಿ ಬರಬೇಡಿ, ಹೊಲದಲ್ಲಿ ಕೆಲಸ ಕೊಡಿ

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ ಊರಿಗೆ ಹೊರಟಿರುವ ಒಬ್ಬರು ನಮ್ಮ ಸಂಘದ ಈ ಗುಂಪಿನಲ್ಲಿ ಕೇಳಿದ್ದರು, ಮಕ್ಕಳಿಗೆ ಬೇಸಾಯ ಅಂದರೆ ಏನು ಅಂತ ಗೊತ್ತಾಗಬೇಕು, ಬೆಂಗಳೂರಿನ ಸುತ್ತ ಯಾವ ಫಾರ್ಮ್ ಸ್ಟೇ ಚೆನ್ನಾಗಿದೆ ಅಂತ. ತುಂಬಾ ಜನ ಹೆಸರುಗಳನ್ನು ಕೊಟ್ಟಿದ್ದೀರಿ. ನನಗೆ ಮಾತ್ರ ಬೇರೆ ಒಂದು ಮಾತು ಹೇಳಬೇಕು ಅನ್ನಿಸಿತು. ಫಾರ್ಮ್ ಸ್ಟೇಯಲ್ಲಿ ಸಿಗುವುದು ಟ್ರ್ಯಾಕ್ಟರ್ ಮೇಲೆ ಒಂದು ಸುತ್ತು, ಹಸುವಿನ ಜೊತೆ ಒಂದು ಫೋಟೊ, ಮಧ್ಯಾಹ್ನ ಬಾಳೆ ಎಲೆ ಊಟ. ಇದರಿಂದ ಮಗುವಿಗೆ ಖುಷಿ ಆಗುತ್ತದೆ, ಬೇಸಾಯ ಗೊತ್ತಾಗುವುದಿಲ್ಲ. ಒಂದೇ ಒಂದು ಕೆಲಸವನ್ನು ಶುರುವಿನಿಂದ ಕೊನೆಯ ತನಕ ಮಾಡಿದರೆ ಗೊತ್ತಾಗುತ್ತದೆ.

ನಾವಿರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಊರು ಶಿಡ್ಲಘಟ್ಟದ ಕಡೆ. ನಮ್ಮ ಮಕ್ಕಳು ಇಲ್ಲಿ ಫೋರ್-ಎಚ್ ಅನ್ನುವ, ಮಕ್ಕಳಿಗೆ ಬೇಸಾಯ, ಸಾಕಣೆ, ಕೈಕೆಲಸ ಕಲಿಸುವ ಕ್ಲಬ್‌ಗೆ ಹೋಗುತ್ತಾರೆ. ಹೊಸದಾಗಿ ಬಂದವರಿಗೆ ಹೇಳುತ್ತೇನೆ. ಇದು ಹುಟ್ಟಿದ್ದೇ ಒಹಾಯೊದಲ್ಲಿ. 1902ರಲ್ಲಿ ಕ್ಲಾರ್ಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಎ.ಬಿ. ಗ್ರಹಾಂ ಅನ್ನುವವರು ಹಳ್ಳಿ ಮಕ್ಕಳನ್ನು ಸೇರಿಸಿ ಬೆಳೆ ಬೆಳೆಯುವ ಕ್ಲಬ್ ಶುರು ಮಾಡಿದರು. ಈಗ ಪ್ರತಿ ರಾಜ್ಯದಲ್ಲೂ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಇದನ್ನು ನಡೆಸುತ್ತದೆ, ಆಯಾ ಊರಿನ ದೊಡ್ಡವರು ಸಂಬಳ ಇಲ್ಲದೆ ಹೇಳಿಕೊಡುತ್ತಾರೆ. ಮಗು ಕೋಳಿಯೋ ಮೊಲವೋ ತರಕಾರಿಯೋ ಒಂದನ್ನು ಆರಿಸಿಕೊಂಡು ಬೆಳೆಸಬೇಕು. ಮೇವಿಗೆ ಎಷ್ಟು ಖರ್ಚಾಯಿತು, ಯಾವಾಗ ಕಾಯಿಲೆ ಬಂತು, ಎಲ್ಲಾ ಪುಸ್ತಕದಲ್ಲಿ ಬರೆಯಬೇಕು. ಬೇಸಿಗೆಯ ಕೌಂಟಿ ಜಾತ್ರೆಯಲ್ಲಿ ಅದನ್ನು ತೋರಿಸಬೇಕು. ಸಾಕಿದ ಪ್ರಾಣಿ ಕೊನೆಗೆ ಮಾಂಸಕ್ಕೆ ಹೋಗುತ್ತದೆ ಅಂತ ನಮ್ಮವರು ಹಲವರು ಹಿಂಜರಿಯುತ್ತಾರೆ. ಅದು ಅರ್ಥವಾಗುತ್ತದೆ. ತರಕಾರಿ, ಹೂವು, ಹೊಲಿಗೆ, ಅಡುಗೆ ಎಲ್ಲದಕ್ಕೂ ಅವಕಾಶ ಇದೆ, ಸುಮ್ನೆ ಬಿಟ್ಟುಬಿಡಬೇಡಿ.

ಇದನ್ನೇ ಊರಿಗೂ ತೆಗೆದುಕೊಂಡು ಹೋಗಬಹುದು. ಇಲ್ಲಿನ ರಜೆ ಜೂನ್‌ನಿಂದ ಆಗಸ್ಟ್ ತನಕ. ನಮ್ಮ ಕಡೆ ಅದು ಮುಂಗಾರಿನ ಕಾಲ, ಊರಿನ ಶಾಲೆಗಳೂ ತೆರೆದಿರುತ್ತವೆ. ಹಾಗಾಗಿ ಊರಿನ ಮಕ್ಕಳು ಊರಲ್ಲೇ ಇರುತ್ತಾರೆ, ಶಾಲೆ ಬಿಟ್ಟ ಮೇಲೆ ನಮ್ಮ ಮಕ್ಕಳು ಅವರ ಜೊತೆ ಸೇರಿ ಕೆಲಸ ಮಾಡಬಹುದು.

ರಜೆಯಲ್ಲಿ ಪೂರ್ತಿ ನೋಡಲು ಸಿಗುವ ಬೆಳೆ ನಮ್ಮಲ್ಲಿ ಒಂದಿದೆ, ರೇಷ್ಮೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊಟ್ಟೆ ಒಡೆದು ಹುಳು ಹೊರಬಂದ ಮೇಲೆ ಗೂಡು ಕಟ್ಟಲು 25ರಿಂದ 28 ದಿನ. ಅಷ್ಟರಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ. ಆಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ, ಆಮೇಲೆ ಪೊರೆ ಕಳಚುತ್ತವೆ. ಈಗ ಸಾಕಷ್ಟು ರೈತರು ಎರಡನೇ ಜ್ವರ ದಾಟಿದ ಹುಳುಗಳನ್ನು ಚಾಕಿ ಕೇಂದ್ರದಿಂದ (ಮರಿ ಹುಳು ಸಾಕಿ ಕೊಡುವ ಜಾಗ) ತರುತ್ತಾರೆ, ಅಲ್ಲಿಂದ ಲೆಕ್ಕ ಹಾಕಿದರೆ ದಿನ ಇನ್ನೂ ಕಡಿಮೆ. ನಾಲ್ಕನೇ ಜ್ವರ ಎದ್ದ ಮೇಲೆ ಇರುತ್ತದೆ ನಿಜವಾದ ಕೆಲಸ. ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಆ ಒಂದು ವಾರದಲ್ಲಿ ಖಾಲಿಯಾಗುತ್ತದೆ. ಮನೆಯವರಿಗೆ ಸರಿಯಾಗಿ ನಿದ್ದೆ ಇರುವುದಿಲ್ಲ. ಆ ವಾರವೇ ಮಕ್ಕಳು ಅಲ್ಲಿರಬೇಕು. ಸೊಪ್ಪು ಕೊಡಲಿ, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ಆರಿಸಿ ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲಿ, ಗೂಡು ಬಿಡಿಸಲಿ. ಮಾವನ ಜೊತೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜು ನೋಡಲಿ. ನೂಲು ಬಿಚ್ಚುವ ಮನೆಗೂ ಕರೆದುಕೊಂಡು ಹೋಗಿ. ಬಿಸಿನೀರಿನಲ್ಲಿ ಗೂಡಿನೊಳಗಿನ ಹುಳು ಸಾಯುತ್ತದಾ ಅಂತ ಮಗು ಕೇಳೇ ಕೇಳುತ್ತದೆ. ಹೌದು ಅಂತ ಹೇಳಿ, ಮುಚ್ಚಿಡಬೇಡಿ.

ಒಂದು ಎಚ್ಚರಿಕೆ. ಸೊಳ್ಳೆ ಕಚ್ಚಬಾರದು ಅಂತ ನಾವು ಮಕ್ಕಳ ಕೈಕಾಲಿಗೆ ಸ್ಪ್ರೇ ಹೊಡೆದು ಕಳಿಸುತ್ತೇವೆ ಅಲ್ವಾ, ಹಾಗೆ ಹುಳು ಮನೆಯೊಳಗೆ ಬಿಡಲೇಬೇಡಿ. ಕೀಟ ಓಡಿಸುವ ಯಾವ ಔಷಧಿಯೂ ರೇಷ್ಮೆ ಹುಳುವಿಗೆ ಆಗುವುದಿಲ್ಲ. ಆ ಮನೆಯ ದುಡಿಮೆಯೇ ಹೋಗಬಹುದು. ಕೈಕಾಲು ತೊಳೆದು, ಅವರು ಹೇಳಿದ ಹಾಗೆ ಕೇಳಿ ಒಳಗೆ ಹೋಗಬೇಕು.

ಕೋಲಾರದವರಾದರೆ ಟೊಮೆಟೊ ಮಂಡಿಗೆ ಬೆಳಗ್ಗೆಯೇ ಹೋಗಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇಲ್ಲಿನ ಕೌಂಟಿ ಜಾತ್ರೆಯ ಹರಾಜಿನಲ್ಲಿ ಊರಿನ ಅಂಗಡಿಯವರು, ಬ್ಯಾಂಕಿನವರು ಮಕ್ಕಳನ್ನು ಹುರಿದುಂಬಿಸಲು ಮಾರುಕಟ್ಟೆಗಿಂತ ಜಾಸ್ತಿ ಬೆಲೆ ಕೊಟ್ಟು ಪ್ರಾಣಿ ಕೊಳ್ಳುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಚೆನ್ನಾಗಿ ಬೆಳೆದರೆ ಚೆನ್ನಾಗಿ ದುಡ್ಡು ಬರುತ್ತದೆ ಅಂತ ಮಗು ನಂಬಿಬಿಡುತ್ತದೆ. ಕೋಲಾರದಲ್ಲಿ 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕೊಯ್ಯುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋಗಿದ್ದಾರೆ. ಕಡ್ಡಿ ನೆಟ್ಟು, ದಾರ ಕಟ್ಟಿ, ಸಾವಿರ ಅಡಿ ಆಳದ ಬೋರ್‌ವೆಲ್ ನೀರನ್ನು ಹನಿ ಹನಿಯಾಗಿ ಬಿಟ್ಟು ಬೆಳೆದವರ ಶ್ರಮ ಬೆಲೆ ಬಂದ ವರ್ಷವೂ ಬಾರದ ವರ್ಷವೂ ಒಂದೇ. ಇದನ್ನು ಪಾಠ ಮಾಡಿ ಹೇಳಲು ಆಗುವುದಿಲ್ಲ. ಬೆಲೆ ಕೂಗುವಾಗ ಬೆಳೆದವರ ಪಕ್ಕದಲ್ಲಿ ನಿಂತಿರಬೇಕು.

ರಾಗಿ ವಿಷಯಕ್ಕೆ ಬಂದರೆ, ಜುಲೈ, ಆಗಸ್ಟ್‌ನಲ್ಲಿ ಬಿತ್ತನೆ ಮಾತ್ರ ಸಿಗುತ್ತದೆ. ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ಮಧ್ಯೆ ಬಿಡುವ ಸಾಲಿನಲ್ಲಿ ಅವರೆ, ತೊಗರಿ ಬಿತ್ತುವ ಮನೆ ನಿಮ್ಮ ಕಡೆ ಇದ್ದರೆ ಒಂದು ಸಾಲು ಮಕ್ಕಳಿಗೆ ಬಿಟ್ಟುಕೊಡಲು ತಾತನಿಗೆ ಹೇಳಿ. ಆ ಸಾಲು ಹೇಗಿದೆ ಅಂತ ಮಕ್ಕಳು ಆಮೇಲೆ ವಾಟ್ಸಾಪ್‌ನಲ್ಲಿ ವಾರವಾರ ಕೇಳುತ್ತಾರೆ. ಅಜ್ಜಿ ತಾತನ ಜೊತೆ ಕನ್ನಡದಲ್ಲಿ ಮಾತಾಡಲು ಇದಕ್ಕಿಂತ ಒಳ್ಳೆಯ ನೆಪ ನನಗಂತೂ ಗೊತ್ತಿಲ್ಲ.

ಇನ್ನು ನಮ್ಮ ಸಂಘದ ವಿಷಯ. ಊರಿನ ಸರ್ಕಾರಿ ಶಾಲೆಗೆ ಬೆಂಚು, ಕಂಪ್ಯೂಟರ್ ಕೊಟ್ಟಿದ್ದೇವೆ, ಒಳ್ಳೆಯದೇ. ಈ ಸಲ ಕೈತೋಟಕ್ಕೂ ಸ್ವಲ್ಪ ದುಡ್ಡು ತೆಗೆದಿಡೋಣ ಅಂತ ನನ್ನ ಆಸೆ. ಹಳ್ಳಿ ಮಕ್ಕಳಿಗೆ ಹೊಲ ಗೊತ್ತೇ ಇರುತ್ತದೆ ಅಂದುಕೊಳ್ಳಬೇಡಿ. ವ್ಯಾನ್ ಹತ್ತಿ ಶಾಲೆಗೆ ಹೋಗಿ, ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಮನೆಗೆ ಬರುವ ಮಕ್ಕಳು ಅಲ್ಲೂ ಇದ್ದಾರೆ. ಬಿಸಿಯೂಟದ ಸಾರಿಗೆ ಮಕ್ಕಳೇ ಬೆಳೆದ ಸೊಪ್ಪು ಬೀಳಲಿ. ತಟ್ಟೆ, ಕೈ ತೊಳೆದ ನೀರನ್ನೇ ಗಿಡಕ್ಕೆ ತಿರುಗಿಸಬಹುದು. ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು ಅನ್ನುವುದನ್ನು ಮಾತ್ರ ಮೊದಲೇ ಶಾಲೆಯ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರ ಜೊತೆ ಕೂತು ಮಾತಾಡಬೇಕು. ಅದು ತೀರ್ಮಾನವಾಗದಿದ್ದರೆ ಬೇಲಿಗೆ ಹಾಕಿದ ದುಡ್ಡು ದಂಡ. ನುಗ್ಗೆ, ಕರಿಬೇವು ಬೇರು ಬಿಟ್ಟರೆ ಬಿಸಿಲು ತಡೆಯುತ್ತವೆ, ಅವುಗಳಿಂದ ಶುರು ಮಾಡೋಣ. ಸಲಹೆಗೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರು, ಕೋಲಾರದವರಿಗೆ ಟಮಕ, ತುಮಕೂರಿನವರಿಗೆ ಹಿರೇಹಳ್ಳಿ. ಕೆಂಪು ತೊಳೆಯ ‘ಸಿದ್ದು’ ಅನ್ನುವ ಹಲಸಿನ ತಳಿಯನ್ನು ಎಲ್ಲರಿಗೂ ತಲುಪಿಸಿದ್ದು ಇದೇ ಹಿರೇಹಳ್ಳಿಯವರು.

ವಾಪಸ್ ಬರುವಾಗ ನೆನಪಿಡಿ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಹೊಲಕ್ಕೆ ಹೋಗಿದ್ದಿರಾ, ದನಕರು ಮುಟ್ಟಿದ್ದಿರಾ ಅಂತ ಕೇಳುತ್ತಾರೆ. ಹೌದು ಅನ್ನಿ, ಚಪ್ಪಲಿ, ಶೂ ಚೆನ್ನಾಗಿ ತೊಳೆದು ತನ್ನಿ. ಅಮೆರಿಕದಲ್ಲಿ 1929ರ ನಂತರ ಕಾಲುಬಾಯಿ ಜ್ವರ ಇಲ್ಲ, ನಮ್ಮಲ್ಲಿ ಇನ್ನೂ ಇದೆ. ಹಸು, ಮೇಕೆ ಸಾಕುವ ಕ್ಲಬ್‌ಗೆ ಮಕ್ಕಳನ್ನು ಬಂದ ತಕ್ಷಣ ಕಳಿಸಬೇಡಿ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟರೂ ಬಿತ್ತನೆಯ ಅವರೆ ಬೀಜ ಸೂಟ್‌ಕೇಸಿಗೆ ಹಾಕಬೇಡಿ, ಬೀಜಕ್ಕೆ ಪ್ರಮಾಣಪತ್ರ ಬೇಕು.

ಈ ಜುಲೈನಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಕಡೆ ಇರುವವರು ಕೆಳಗೆ ತಾರೀಖು ಬರೆಯಿರಿ. ನಮ್ಮ ಅಣ್ಣನ ಮನೆಯಲ್ಲಿ ಹುಳು ಇರುತ್ತದೆ. ನಾಲ್ಕನೇ ಜ್ವರ ಏಳುವ ದಿನ ಗೊತ್ತಾದ ತಕ್ಷಣ ಹೇಳುತ್ತೇನೆ, ಮಕ್ಕಳನ್ನು ಕರೆದುಕೊಂಡು ಬನ್ನಿ. ಉಳಿಯಲು ಜಾಗ ಇದೆ.