ಉಪ್ಪುನೀರಿನ ಟ್ಯಾಂಕಿಗೆ ಗುಂಪಾಗಿ ಈಜುವ ಸಣ್ಣ ಮೀನು: ಹುಬ್ಬಳ್ಳಿ ಕಡೆ ಸಿಗುತ್ತವಾ, ಉಳಿಯುತ್ತವಾ?

ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಮರೀನ್ ಟ್ಯಾಂಕ್ ಕಟ್ಟಿಕೊಟ್ಟು, ನೋಡಿಕೊಳ್ಳುವ ಕೆಲಸ ಮಾಡುವ ನಮ್ಮ ಗುಂಪಿನ ಸದಸ್ಯರು. ಟ್ಯಾಂಕಿನ ಅಳತೆ ಹಾಕಿ ಕೇಳಿ.

ಪ್ರಶ್ನೆ (ನವನಗರ, ಹುಬ್ಬಳ್ಳಿ): ಸರ್, ನನ್ನದು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್. ಎಂಟು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು ಇವೆ. ಹತ್ತು ಹನ್ನೆರಡು ಸಣ್ಣ ಮೀನು ಒಟ್ಟಿಗೆ ತಿರುಗಾಡುವುದನ್ನು ನೋಡಬೇಕು ಅಂತ ಆಸೆ. ಎಲ್ಲರ ಮನೆಯಲ್ಲಿರುವ ಹಸಿರು ಕ್ರೋಮಿಸ್ ಬೇಡ. ಅಪರೂಪದ್ದು ಯಾವುದಿದೆ? ಎಲ್ಲಿ ಸಿಗುತ್ತದೆ?

ಉತ್ತರ: ಅಪರೂಪ ಅನ್ನುವುದನ್ನು ಸದ್ಯ ಪಕ್ಕಕ್ಕಿಡಿ. ಒಂದು ವರ್ಷ ಕಳೆದ ಮೇಲೂ ಆ ಮೀನು ಗುಂಪಾಗಿಯೇ ಇರುತ್ತದಾ? ಮೊದಲು ಕೇಳಬೇಕಾದದ್ದು ಅದು. ಸಮುದ್ರದಲ್ಲಿ ಸಣ್ಣ ಮೀನು ಗುಂಪು ಕಟ್ಟುವುದು ಬಹುಪಾಲು ದೊಡ್ಡ ಮೀನಿನ ಭಯಕ್ಕೆ. ಟ್ಯಾಂಕಿನಲ್ಲಿ ಆ ಭಯ ಇಲ್ಲ. ಹೊಸದರಲ್ಲಿ ಎಲ್ಲ ಒಂದೇ ಕಡೆ ಇರುತ್ತವೆ, ನೋಡಿ ಖುಷಿಯಾಗುತ್ತದೆ. ಆಮೇಲೆ ಧೈರ್ಯ ಬರುತ್ತದೆ, ಜಾಗದ ಜಗಳ ಶುರುವಾಗುತ್ತದೆ, ದೊಡ್ಡದು ಚಿಕ್ಕದನ್ನು ಅಟ್ಟುತ್ತದೆ. ಹಸಿರು ಕ್ರೋಮಿಸ್ ಹತ್ತು ತಂದವರ ಮನೆಯಲ್ಲಿ ಮುಂದೆ ಎರಡೋ ಮೂರೋ ಉಳಿಯುವುದಕ್ಕೆ ಇದೇ ಕಾರಣ. ಜೊತೆಗೆ ಯುರೋನೀಮಾ ಎನ್ನುವ ಸೂಕ್ಷ್ಮಜೀವಿಯ ಕಾಟವೂ ಅವಕ್ಕೆ ಜಾಸ್ತಿ. ಮೈಮೇಲೆ ಕೆಂಪು ಗಾಯ ಕಂಡರೆ ಅದೇ ಇರಬಹುದು. ತಾಮ್ರದ ಔಷಧಿಗೆ ಅದು ಬಗ್ಗುವುದಿಲ್ಲ.

ನಿಮ್ಮ ಟ್ಯಾಂಕಿನಲ್ಲಿ ಹೆಚ್ಚೂಕಡಿಮೆ 450 ಲೀಟರ್ ನೀರು ಹಿಡಿಯುತ್ತದೆ. ಇಷ್ಟು ಜಾಗಕ್ಕೆ ನಾನು ಹೇಳುವುದು ಥ್ರೆಡ್‌ಫಿನ್ ಕಾರ್ಡಿನಲ್. ಶಾಸ್ತ್ರೀಯ ಹೆಸರು ಝೊರಾಮಿಯಾ ಲೆಪ್ಟಕಾಂತಾ. ಗಾಜಿನಂಥ ಮೈ, ನೀಲಿ ಕಣ್ಣು, ಬೆನ್ನ ಮೇಲೆ ಎದ್ದ ದಾರದಂಥ ರೆಕ್ಕೆ. ಸುಮಾರು 6 ಸೆಂಟಿಮೀಟರ್ ಬೆಳೆಯುತ್ತದೆ. ಕೆಂಪು ಸಮುದ್ರದಿಂದ ಸಮೋವಾವರೆಗೆ ಕವಲುಹವಳದ ಮಧ್ಯೆ ಗುಂಪಾಗಿ ಬದುಕುವ ಮೀನು. ದೊಡ್ಡದಾದ ಮೇಲೂ ಗುಂಪು ಬಿಡುವುದು ಕಡಿಮೆ. ಬಣ್ಣ ಜೋರಾಗಿಲ್ಲ ಅಂತ ಅಂಗಡಿಯವರು ತರಿಸುವುದಿಲ್ಲ, ಹಾಗಾಗಿ ಇಲ್ಲಿ ಅಪರೂಪ. ನೀಲಿ ಲೈಟಿನಲ್ಲಿ ನೋಡಿದರೆ ಮಾತ್ರ ಅದರ ಚೆಂದ ಗೊತ್ತಾಗುವುದು.

ಸಿಗುವುದು ಹೇಗೆ ಅಂದರೆ, ಹುಬ್ಬಳ್ಳಿ ಅಂಗಡಿಯ ಗಾಜಿನಲ್ಲಿ ಹುಡುಕಬೇಡಿ. ಮುಂಬೈ, ಚೆನ್ನೈ, ಬೆಂಗಳೂರಿನ ಇಂಪೋರ್ಟ್ ಮಾಡುವವರು ಪ್ರತಿ ಲೋಡಿಗೂ ಒಂದು ಪಟ್ಟಿ ಕಳಿಸುತ್ತಾರೆ. ನಿಮ್ಮ ಅಂಗಡಿಯವರಿಗೆ ಆ ಪಟ್ಟಿ ತೋರಿಸಿ ಅನ್ನಿ. ಇಂಗ್ಲಿಷ್ ಹೆಸರು ನಂಬಬೇಡಿ, ಶಾಸ್ತ್ರೀಯ ಹೆಸರನ್ನೇ ಬರೆದು ಕೊಡಿ. ‘ಗ್ಲಾಸ್ ಕಾರ್ಡಿನಲ್’ ಅಂತ ಯಾವ್ಯಾವುದೋ ಮೀನು ಬರುತ್ತದೆ. ಇನ್ನೊಂದು ಮಾತು: ಹತ್ತು ಬೇಕಿದ್ದರೆ ಹತ್ತನ್ನೂ ಒಂದೇ ಸಲ, ಒಂದೇ ಅಳತೆಯಲ್ಲಿ ತನ್ನಿ. ಎರಡೆರಡು ತಂದು ಸೇರಿಸಿದರೆ ಗುಂಪು ಕೂಡುವುದು ಕಷ್ಟ.

ಪ್ರಶ್ನೆ (ನವನಗರ, ಮತ್ತೆ): ಬ್ಯಾಂಗೈ ಕಾರ್ಡಿನಲ್ ಸಿಗುತ್ತದೆ ಅಂತ ಒಬ್ಬರು ಹೇಳಿದ್ದಾರೆ. ಅದರದ್ದೇ ಗುಂಪು ಮಾಡಲಾ?

ಉತ್ತರ: ಗುಂಪಿಗೆ ಬೇಡ. ಮರಿಯಾಗಿದ್ದಾಗ ಚೆಂದ ಒಟ್ಟಿಗಿರುತ್ತವೆ. ಜೋಡಿಯಾದ ಕೂಡಲೇ ಆ ಜೋಡಿ ಉಳಿದವನ್ನು ಕೊಂದೇ ಹಾಕುತ್ತದೆ. ಬೇಕೇ ಬೇಕು ಅಂದರೆ ಒಂದು ಜೋಡಿ ಮಾತ್ರ ಇಡಿ, ಅದೂ ಟ್ಯಾಂಕಿನಲ್ಲಿ ಹುಟ್ಟಿದ ಮರಿ ಆಗಿರಲಿ.

ಯಾಕೆ ಅಂತ ಹೇಳುತ್ತೇನೆ. ಈ ಮೀನಿನ ಊರು ಇಂಡೋನೇಷ್ಯಾದ ಬ್ಯಾಂಗೈ ದ್ವೀಪಗಳ ಸುತ್ತಮುತ್ತ ಮಾತ್ರ. ಗಂಡು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾವು ಕೊಡುತ್ತದೆ, ಅಷ್ಟು ದಿನ ಏನೂ ತಿನ್ನುವುದಿಲ್ಲ. ಮರಿಗಳು ಬಾಯಿಂದ ನೇರ ಹೊರಗೆ ಬಂದು ಅಲ್ಲೇ ಮುಳ್ಳುಚೆಂಡಿನಂಥ ಸೀ ಅರ್ಚಿನ್ ಮಧ್ಯೆ ಸೇರಿಕೊಳ್ಳುತ್ತವೆ. ಬೇರೆ ಮೀನಿನ ಮರಿಗಳಂತೆ ನೀರಿನ ಜೊತೆ ತೇಲಿ ದೂರ ಹೋಗುವುದಿಲ್ಲ. ಹಾಗಾಗಿ ಒಂದು ಕೊಲ್ಲಿಯಲ್ಲಿ ಹಿಡಿದು ಖಾಲಿ ಮಾಡಿದರೆ ಮುಗಿಯಿತು, ಹೊರಗಿನಿಂದ ಬಂದು ತುಂಬುವುದಿಲ್ಲ. ಅಕ್ವೇರಿಯಂ ವ್ಯಾಪಾರದಿಂದಲೇ ಎಷ್ಟು ಕುಸಿಯಿತೆಂದರೆ 2007ರಲ್ಲಿ ಐಯುಸಿಎನ್ ಎನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹಿಡಿದು ತಂದವುಗಳಲ್ಲಿ ಒಂದು ವೈರಸ್ ಕೂಡ ಬರುತ್ತದೆ. ಮೈ ಕಪ್ಪಾಗುತ್ತದೆ, ತಿನ್ನುವುದು ಬಿಡುತ್ತದೆ, ಅದಕ್ಕೆ ಔಷಧಿ ಇಲ್ಲ. ಟ್ಯಾಂಕಿನಲ್ಲಿ ಮರಿ ಮಾಡಿಸುವುದು ಸುಲಭ ಇರುವಾಗ ಸಮುದ್ರದ್ದು ತರಿಸುವುದರಲ್ಲಿ ಅರ್ಥವೇ ಇಲ್ಲ, ಅಲ್ವಾ?

ಪ್ರಶ್ನೆ (ವಿದ್ಯಾನಗರ): ನಮ್ಮ ಮನೆಯಲ್ಲಿ ಏಳು ಹಸಿರು ಕ್ರೋಮಿಸ್ ಎರಡು ವರ್ಷದಿಂದ ಆರಾಮಾಗಿವೆ. ನೀವು ಸುಮ್ನೆ ಹೆದರಿಸುತ್ತಿದ್ದೀರಿ ಅನಿಸುತ್ತೆ.

ಉತ್ತರ: ಇರಬಹುದು ರೀ, ಬಹಳ ಒಳ್ಳೆಯದು. ನಿಮ್ಮದು ಆರು ಅಡಿ ಟ್ಯಾಂಕ್ ಅಂತ ಹಿಂದೊಮ್ಮೆ ಹಾಕಿದ್ದಿರಿ, ಅದರಲ್ಲಿ ದೊಡ್ಡದೊಂದು ರ‍್ಯಾಬಿಟ್‌ಫಿಶ್ ಕೂಡ ಇತ್ತು. ಅದು ಯಾರನ್ನೂ ತಿನ್ನುವುದಿಲ್ಲ, ಆದರೆ ದೊಡ್ಡ ಮೈ ಪಕ್ಕದಲ್ಲಿ ಹಾದುಹೋದಾಗ ಸಣ್ಣವು ತಾವಾಗೇ ಒತ್ತೊತ್ತಿ ಬರುತ್ತವೆ. ಜಾಗ ಇದ್ದು, ದಿನಕ್ಕೆ ಮೂರು ಸಲ ಊಟ ಸಿಕ್ಕರೆ ಕ್ರೋಮಿಸ್ ಕೂಡ ಉಳಿಯುತ್ತದೆ. ನಾಲ್ಕು ಅಡಿಗೆ ಆ ಮಾತು ಹೇಳುವ ಧೈರ್ಯ ನನಗಿಲ್ಲ.

ಪ್ರಶ್ನೆ (ಗದಗ-ಬೆಟಗೇರಿ): ನಿಯಾನ್ ಟೆಟ್ರಾವನ್ನು ಸ್ವಲ್ಪ ಸ್ವಲ್ಪವೇ ಉಪ್ಪಿಗೆ ರೂಢಿ ಮಾಡಬಹುದಾ?

ಉತ್ತರ: ಇಲ್ಲ. ಅದು ಅಮೆಜಾನ್ ಕಡೆಯ ಸಿಹಿನೀರಿನ ಮೀನು. ಸಾಯುತ್ತದೆ.

ಪ್ರಶ್ನೆ (ಗದಗ-ಬೆಟಗೇರಿ, ಮತ್ತೆ): ಹಾಗಾದರೆ ನೀರಿನ ಬಗ್ಗೆ ಹೇಳಿ. ನಮ್ಮದು ಬೋರ್‌ವೆಲ್. ಕಾರವಾರದಿಂದ ಸಮುದ್ರದ ನೀರು ತಂದರೆ ಹೇಗೆ?

ಉತ್ತರ: ಅಷ್ಟು ದೂರದಿಂದ ಅರಬೈಲ್ ಘಟ್ಟ ಹತ್ತಿಸಿ ನೀರು ತರುವ ಡೀಸೆಲ್ ದುಡ್ಡಿನಲ್ಲಿ ಒಳ್ಳೆಯ ಉಪ್ಪೇ ಬರುತ್ತದೆ. ಮಳೆಗಾಲದಲ್ಲಿ ಕಾಳಿ ನದಿ ಸೇರುವ ಕಡೆ ನೀರು ಸಪ್ಪೆಯಾಗುತ್ತದೆ, ದಡದ ನೀರಿನಲ್ಲಿ ದೋಣಿಯ ಎಣ್ಣೆ, ಕೊಳಚೆ ಬೇರೆ. ಮರೀನ್ ಸಾಲ್ಟ್ ಬೆರೆಸಿಕೊಳ್ಳಿ. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಹಾಕಿದರೆ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದರೆ ಎಷ್ಟು ಭಾರ ಅನ್ನುವುದು) 1.025 ಹತ್ತಿರ ಬರುತ್ತದೆ. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿಕೊಳ್ಳಿ. ಅಡುಗೆ ಉಪ್ಪು ನಡೆಯುವುದಿಲ್ಲ.

ಬೋರ್ ನೀರನ್ನು ನೇರವಾಗಿ ಬಳಸಬೇಡಿ. ಗಡಸು ಇರುತ್ತದೆ, ಹೊಲದ ಗೊಬ್ಬರದ ನೈಟ್ರೇಟ್ ಇಳಿದಿರಬಹುದು. ಮನೆಯ ಆರ್‌ಓ ಯಂತ್ರದಿಂದ ನೀರು ಹೊರಬರುವ ಕಡೆ, ಉಳಿದ ಲವಣ ಹೀರುವ ಒಂದು ಡಿಐ ರೆಸಿನ್ ಡಬ್ಬಿ ಸೇರಿಸಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಸೊನ್ನೆ ಬರಬೇಕು. ಆ ಯಂತ್ರದಲ್ಲಿ ರುಚಿಗೆ ಅಂತ ಮಿನರಲ್ ಸೇರಿಸುವ ಫಿಲ್ಟರ್ ಇದ್ದರೆ ಅದಕ್ಕಿಂತ ಮುಂಚೆಯೇ ನೀರು ತೆಗೆದುಕೊಳ್ಳಿ. ಹುಬ್ಬಳ್ಳಿಯ ಮಲಪ್ರಭಾ ನೀರಿಗೂ ಇದೇ ದಾರಿ. ಅದರಲ್ಲಿ ಕ್ಲೋರಿನ್ ಇರುತ್ತದೆ, ಕಾರ್ಬನ್ ಫಿಲ್ಟರ್ ಕೆಟ್ಟಿದ್ದರೆ ಆರ್‌ಓ ಮೆಂಬ್ರೇನ್ ಕೂಡ ಹಾಳು.

ಪ್ರಶ್ನೆ (ಸಪ್ತಾಪುರ, ಧಾರವಾಡ): ತಲೆ ಕೆಳಗೆ ಮಾಡಿ ಗುಂಪಾಗಿ ಈಜುವ ಶ್ರಿಂಪ್‌ಫಿಶ್ ಸಾಕಬಹುದಾ? ಸಮುದ್ರಕುದುರೆ ಜೊತೆ ಇಡಬೇಕೆಂದಿದ್ದೆ.

ಉತ್ತರ: ಶ್ರಿಂಪ್‌ಫಿಶ್ ಬಾಯಿ ಸೂಜಿಯ ಕಣ್ಣಿನಷ್ಟು. ಓಡಾಡುವ ಬೇರೆ ಮೀನು ಇದ್ದರೆ ಅದಕ್ಕೆ ಊಟವೇ ಸಿಗುವುದಿಲ್ಲ. ಅದಕ್ಕೇ ಬೇರೆ ಟ್ಯಾಂಕ್, ಶಾಂತ ನೀರು, ದಿನಾ ಜೀವಂತ ಆರ್ಟಿಮಿಯಾ, ಕೋಪಿಪಾಡ್ (ಸೀಗಡಿ ಜಾತಿಯ ಪುಟ್ಟ ಜೀವಿಗಳು) ಕೊಡಲು ಪುರುಸೊತ್ತು ಇದ್ದರೆ ಮಾಡಿ. ಇಲ್ಲದಿದ್ದರೆ ಬೇಡ.

ಸಮುದ್ರಕುದುರೆ ವಿಷಯ ಬೇರೆ. ಅವು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿವೆ. ಗಟ್ಟಿ ಹವಳವೂ ಅದೇ ಕಾಯ್ದೆಯಡಿ ಬರುತ್ತದೆ. ‘ನೇತ್ರಾಣಿ ದ್ವೀಪದಿಂದ ತಂದ ಹವಳದ ಕಲ್ಲು’ ಅಂತ ಯಾರಾದರೂ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ.

ನಮ್ಮ ದೇಶದಲ್ಲೇ ಹುಟ್ಟಿದ ಮೀನು ಬೇಕೆಂದರೆ ದಾರಿ ಇದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮತ್ತು ಹಲವು ಜಾತಿಯ ಡ್ಯಾಮ್ಸೆಲ್ (ಹವಳದ ನಡುವೆ ಬದುಕುವ ಸಣ್ಣ ಮೀನು) ಮರಿ ಮಾಡಿಸಿದ್ದಾರೆ. ಅದರಲ್ಲಿ ನಿಯೋಪೋಮಸೆಂಟ್ರಸ್ ಕುಲದವು ಬೇರೆ ಡ್ಯಾಮ್ಸೆಲ್‌ಗಳಷ್ಟು ಜಗಳಗಂಟಿ ಅಲ್ಲ, ಗುಂಪಾಗಿ ನೀರಿನ ಮಧ್ಯದಲ್ಲಿ ಈಜುತ್ತವೆ. ನನಗೆ ಕೇಳಿದರೆ ಇವನ್ನು ನಮ್ಮವರು ಗಮನಿಸಿಯೇ ಇಲ್ಲ.

ಪ್ರಶ್ನೆ (ರಾಣೇಬೆನ್ನೂರು): ಅಂಗಡಿಯಲ್ಲಿ ಕಪ್ಪು-ಬಿಳಿ ಪಟ್ಟೆಯ ಸಣ್ಣ ಕ್ಯಾಟ್‌ಫಿಶ್ ಉಂಡೆಯಾಗಿ ಈಜುತ್ತಿದ್ದವು. ಮಕ್ಕಳು ಬೇಕೇ ಬೇಕು ಅಂತಿದ್ದಾರೆ.

ಉತ್ತರ: ಅವು ಪಟ್ಟೆ ಈಲ್ ಕ್ಯಾಟ್‌ಫಿಶ್. ಉಂಡೆ ಕಟ್ಟುವುದು ಮರಿಯಾಗಿದ್ದಾಗ. ಬೆಳೆದರೆ ಒಂದು ಅಡಿ ಆಗುತ್ತದೆ, ಸಣ್ಣ ಮೀನನ್ನೆಲ್ಲ ನುಂಗುತ್ತದೆ. ಬೆನ್ನು ಮತ್ತು ಪಕ್ಕದ ರೆಕ್ಕೆಯ ಮುಳ್ಳಲ್ಲಿ ವಿಷ ಇದೆ. ಮಕ್ಕಳಿರುವ ಮನೆಗೆ ಖಂಡಿತ ಬೇಡ. ಅಂಗಡಿಯಲ್ಲೇ ಯಾರಿಗಾದರೂ ಚುಚ್ಚಿದರೆ, ಕೈ ಸುಡದಷ್ಟು ಬಿಸಿನೀರಲ್ಲಿ ಅದ್ದಿ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ (ನವನಗರ, ಮತ್ತೆ): ಥ್ರೆಡ್‌ಫಿನ್ ಹತ್ತು ಹೇಳಿದ್ದೇನೆ. ರಾತ್ರಿ ಬಸ್ಸಿಗೆ ಹಾಕುತ್ತಾರಂತೆ. ಬಂದ ಮೇಲೆ ಎರಡು ಮೂರು ತಾಸು ಹನಿ ಹನಿ ನೀರು ಬಿಟ್ಟು ಹೊಂದಿಸಬೇಕು ಅಂತ ವಿಡಿಯೋದಲ್ಲಿ ನೋಡಿದೆ. ಸರಿಯಾ?

ಉತ್ತರ: ರಾತ್ರಿಯೆಲ್ಲ ಪಯಣ ಮಾಡಿದ ಚೀಲಕ್ಕೆ ಅದು ಸರಿಯಲ್ಲ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಹುಳಿಯಾಗಿರುತ್ತದೆ. ಮೀನಿನ ಹೊಲಸಿನ ಅಮೋನಿಯಾ ಆಗ ಹೆಚ್ಚು ಕೇಡು ಮಾಡದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ನೀವು ಹನಿ ಬಿಡುತ್ತಾ ಕೂತಷ್ಟು ಹೊತ್ತೂ ಮೀನು ಅದರಲ್ಲೇ ಇರುತ್ತದೆ.

ಹೀಗೆ ಮಾಡಿ. ಕಳಿಸುವವರಿಗೆ ಮೊದಲೇ ಫೋನ್ ಮಾಡಿ ಅವರ ನೀರಿನ ಸಾಂದ್ರತೆ ಕೇಳಿ. ಬಹಳ ಕಡೆ ಉಪ್ಪು ಕಡಿಮೆ ಇಡುತ್ತಾರೆ, 1.020 ಹತ್ತಿರ. ಹೊಸ ಮೀನನ್ನು ಮೊದಲು ಬೇರೆ ಇಡುವ ಕ್ವಾರಂಟೈನ್ ಟ್ಯಾಂಕಿನ ನೀರನ್ನು ಅಷ್ಟಕ್ಕೇ ಹೊಂದಿಸಿಡಿ. ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೇಲಿಸಿ, ಬಿಸಿ ಸಮ ಆದ ಮೇಲೆ ಬಿಚ್ಚಿ ಮೀನು ಮಾತ್ರ ಒಳಗೆ ಬಿಡಿ. ಚೀಲದ ನೀರು ಚೆಲ್ಲಿ. ಆಮೇಲೆ ಕೆಲವು ದಿನಗಳಲ್ಲಿ ನಿಧಾನಕ್ಕೆ 1.025ಕ್ಕೆ ಏರಿಸಿ.

ಕ್ವಾರಂಟೈನ್ ಕನಿಷ್ಠ ನಾಲ್ಕು ವಾರ. ಬರಿ ಗಾಜಿನ ಟ್ಯಾಂಕ್, ಹಳೆಯ ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು ಸಾಕು. ಇದನ್ನು ಬಿಟ್ಟು ನೇರ ಒಳಗೆ ಹಾಕಿ ಬಿಳಿಚುಕ್ಕೆ ರೋಗ ಬಂದರೆ, ಎಲ್ಲ ಮೀನು ಹೊರಗೆ ತೆಗೆದು ದೊಡ್ಡ ಟ್ಯಾಂಕನ್ನು ಎರಡೂವರೆ ತಿಂಗಳು ಖಾಲಿ ಬಿಡಬೇಕಾಗುತ್ತದೆ. ಕಾರ್ಡಿನಲ್ ಹಗಲಲ್ಲಿ ಸುಮ್ನೆ ನಿಂತು ಸಂಜೆ ತಿನ್ನುವ ಮೀನು. ಮೊದಲ ವಾರ ಲೈಟ್ ಕಡಿಮೆ ಮಾಡಿ, ಆಗ ತಾನೇ ಒಡೆದ ಆರ್ಟಿಮಿಯಾ ಮರಿ ಕೊಡಿ. 28 ಡಿಗ್ರಿ ಉಪ್ಪುನೀರಿಗೆ ಗಾಳಿ ಬಿಟ್ಟರೆ ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತದೆ. ತಿನ್ನಲು ಶುರು ಮಾಡಿದ ಮೇಲೆ ಫ್ರೋಜನ್ ಮೈಸಿಸ್, ಸೈಕ್ಲಾಪ್ಸ್‌ನಂಥ ಸಣ್ಣ ಸೀಗಡಿ ಜಾತಿಯ ಆಹಾರಕ್ಕೆ ಬದಲಿಸಿ.

ಪ್ರಶ್ನೆ (ನವನಗರ, ಮತ್ತೆ): ಬೇಸಿಗೆಗೆ ನೀರು ತಣ್ಣಗೆ ಮಾಡುವ ಚಿಲ್ಲರ್ ಬೇಕೇ ಬೇಕಾ?

ಉತ್ತರ: ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಗಾಳಿ ಒಣಗಿರುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಾರವಾರದ ಸೆಕೆಯಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ. ನೀರು 28 ಡಿಗ್ರಿ ದಾಟದಿದ್ದರೆ ಚಿಲ್ಲರ್ ಖರ್ಚು ಮುಂದೂಡಿ. ಆದರೆ ಫ್ಯಾನ್ ಹಾಕಿದರೆ ನೀರು ಬೇಗ ಆರುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಆರಿದ್ದಕ್ಕೆ ದಿನಾ ಆರ್‌ಓ ಸಿಹಿನೀರೇ ತುಂಬಿ, ಉಪ್ಪುನೀರಲ್ಲ. ಕರೆಂಟ್ ಹೋದರೆ ಬಿಸಿಗಿಂತ ಮೊದಲು ಆಮ್ಲಜನಕ ಮುಗಿಯುತ್ತದೆ, ಹಾಗಾಗಿ ಇನ್ವರ್ಟರಿಗೆ ಲೈಟ್ ಬೇಡ, ನೀರು ಕಲಕುವ ವೇವ್‌ಮೇಕರ್ ಪಂಪ್ ಜೋಡಿಸಿ. ಬ್ಯಾಟರಿ ಏರ್‌ಪಂಪ್ ಒಂದು ಯಾವಾಗಲೂ ಮನೆಯಲ್ಲಿರಲಿ. ಚೀಲ ಬಂದ ದಿನ ಮೀನಿನ ಹೊಟ್ಟೆ ಕಾಣುವ ಹಾಗೆ ಪಕ್ಕದಿಂದ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.