ಮಕ್ಕಳಿಗೆ ಇಂಗ್ಲಿಷ್ ಇಮೇಲ್ ಬರೆಯೋದು ಹೇಗೆ ಕಲಿಸಿದಿರಿ?

ತುಮಕೂರು ಮೇಡಂ: ಮೊದಲ ವರ್ಷದ ಬಿಕಾಂ, 64 ಮಕ್ಕಳು, ಇದಕ್ಕೆ ಸಿಗೋದು ವಾರಕ್ಕೆ ಒಂದೇ ಪೀರಿಯಡ್. ನನಗೆ ಬರುವ ಮೇಲ್‌ಗಳಲ್ಲಿ ಸಬ್ಜೆಕ್ಟ್ ಖಾಲಿ. ಒಳಗೆ ‘ಮ್ಯಾಮ್ ಪಿಎಫ್‌ಎ’ ಅಂತಿರುತ್ತದೆ (ಪ್ಲೀಸ್ ಫೈಂಡ್ ಅಟ್ಯಾಚ್ಡ್, ಫೈಲ್ ಜೊತೆಗಿದೆ ಅಂತ), ಫೈಲೇ ಇರುವುದಿಲ್ಲ. ಅನುಭವ ಇದ್ದವರು ಹೇಳಿ.

ಹಾಸನದ ಮೇಷ್ಟ್ರು: ನನಗೇ ಮೇಲ್ ಕಳಿಸಿ ಅಂದು ಕೆಟ್ಟೆ. 118 ಮಕ್ಕಳು. ರಾತ್ರಿ ಹನ್ನೊಂದಾದರೂ ಫೋನ್ ಟಿಂಗ್ ಟಿಂಗ್. ಒಂದೊಂದಕ್ಕೆ 6 ನಿಮಿಷ ಅಂದರೂ ಹತ್ತಿರ ಹತ್ತಿರ 12 ಗಂಟೆ. ಭಾನುವಾರ ಪೂರ್ತಿ ಹೋಯಿತು. ಷಡ್ಡಕನ ಮನೆ ಗೃಹಪ್ರವೇಶ ತಪ್ಪಿತು, ಅದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಎತ್ತಿ ಆಡುತ್ತಾರೆ. ಕೇಳಿದ್ದು ಲೈಬ್ರರಿ ಕಾರ್ಡ್ ಕಳೆದದ್ದರ ಬಗ್ಗೆ. ಬಂದದ್ದು ‘ರೆಸ್ಪೆಕ್ಟೆಡ್ ಸರ್, ಐ ಆಮ್ ಸಫರಿಂಗ್ ಫ್ರಂ ಫೀವರ್’. ಒಬ್ಬನಂತೂ ಕೆಳಗೆ ಪಕ್ಕದವನ ಹೆಸರನ್ನೂ ಹಾಗೇ ಇಳಿಸಿದ್ದ.

ಮೈಸೂರು ಮೇಡಂ: ನಾನು ಕಾಗದದಲ್ಲೇ ಮಾಡಿಸಿದೆ. ಟು, ಸಿಸಿ, ಬಿಸಿಸಿ, ಸಬ್ಜೆಕ್ಟ್ ಗೆರೆ ಹಾಕಿದ ಹಾಳೆ. ಜೆರಾಕ್ಸ್ 2 ರೂಪಾಯಿ, 70 ಮಕ್ಕಳು, ಆರು ವಾರ. 840 ರೂಪಾಯಿ ನನ್ನ ಕೈಯಿಂದಲೇ. ಸಿಸಿ ಅಂದರೆ ಕಾರ್ಬನ್ ಕಾಪಿ ಅಂತ ತೋರಿಸೋಕೆ ಬಿಲ್ ಪುಸ್ತಕದ ಕಾರ್ಬನ್ ಹಾಳೆ ತಂದೆ. ಒಂದೇ ಸಲ ಬರೆದು ಮೂರು ಪ್ರತಿ. ಮೂರನೆಯದು ಯಾರಿಗೆ ಹೋಯಿತು ಅಂತ ಹಾಳೆ ಮೇಲೆ ಬರೆಯಬೇಡಿ, ಅದೇ ಬಿಸಿಸಿ ಅಂದೆ. ಬೆರಳೆಲ್ಲ ನೀಲಿ ಮಾಡಿಕೊಂಡರು. ಆಮೇಲೆ ಒಬ್ಬರೂ ತಪ್ಪಲಿಲ್ಲ.

ಬೆಂಗಳೂರು ಐಟಿ: ಇಮೇಲ್ ಕಲಿಸೋಕೆ ಕಾರ್ಬನ್ನಾ! ಮೊದಲು ಆ ‘ರೆಸ್ಪೆಕ್ಟೆಡ್ ಸರ್’ ಬಿಡಿಸಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಯುವರ್ಸ್ ಒಬೀಡಿಯೆಂಟ್ಲಿ’ ಅಂತ ಮುಗಿಸಿ ರಿಪ್ಲೈ ಆಲ್ ಒತ್ತಿದ್ದೆ. ಎರಡು ವರ್ಷ ನನ್ನ ಹೆಸರೇ ‘ಒಬೀಡಿಯೆಂಟ್’. ಜಿಮೇಲ್‌ನಲ್ಲಿ ಕಳಿಸಿದ ಮೇಲ್ ತಡೆಯುವ ಅನ್‌ಡೂ ಸಮಯವನ್ನು ಸೆಟ್ಟಿಂಗ್ಸ್‌ಗೆ ಹೋಗಿ 30 ಸೆಕೆಂಡಿಗೆ ಏರಿಸಬಹುದು ಅಂತ ಆಗ ಯಾರೂ ಹೇಳಿಕೊಡಲಿಲ್ಲ.

ಹಾಸನದ ಮೇಷ್ಟ್ರು: ಹಾಗಾದರೆ ಪ್ರಿನ್ಸಿಪಾಲರಿಗೆ ‘ಹಾಯ್’ ಅನ್ನಿಸಬೇಕಾ? ನಮ್ಮ ಹುಡುಗ ಒಬ್ಬ ಹಾಗೇ ಬರೆದ. ಮೂರು ದಿನ ಉತ್ತರ ಇಲ್ಲ, ಬಸ್ ಪಾಸಿನ ಕೊನೆ ದಿನ ಮುಗಿಯಿತು. ನಿಮ್ಮ ಆಫೀಸೇ ಲೋಕ ಅಲ್ಲ ಸ್ವಾಮಿ.

ಬೆಂಗಳೂರು ಐಟಿ: ಅದು ಹುಡುಗನ ತಪ್ಪಾ ಸರ್, ಪ್ರಿನ್ಸಿಪಾಲರ ಜಂಬಾನಾ? ‘ಡಿಯರ್ ಸರ್’ ಅಂದರೆ ಯಾರ ಗಂಟು ಹೋಗುತ್ತೆ?

ತುಮಕೂರು ಮೇಡಂ: ಫೈಲ್ ಮರೆಯೋದಕ್ಕೆ ಏನು ಮಾಡಲಿ ಅಂತ…

ಮೈಸೂರು ಮೇಡಂ: ಮೊದಲು ಫೈಲ್ ಹಾಕಲಿ, ಆಮೇಲೆ ಬರೆಯಲಿ. ವಿಳಾಸ ಕೊನೆಗೆ. ‘ಪಿಎಫ್‌ಎ’ ಬಿಟ್ಟು ‘ಐ ಹ್ಯಾವ್ ಅಟ್ಯಾಚ್ಡ್’ ಅಂತ ಪೂರ್ತಿ ಬರೆಸಿ. ಫೈಲ್ ಇಲ್ಲದಿದ್ದರೆ ಜಿಮೇಲೇ ಕೇಳುತ್ತೆ.

ಹಾಸನದ ಮೇಷ್ಟ್ರು: ಅಂದ ಹಾಗೆ ಮೇಡಂ, ಜೆರಾಕ್ಸ್ 2 ರೂಪಾಯಿನಾ? ನಮ್ಮಲ್ಲಿ 1 ರೂಪಾಯಿ. ಯಾರೋ ಸುಮ್ನೆ ಜಾಸ್ತಿ ತಗೊಂಡಿದ್ದಾರೆ.

ಮೈಸೂರು ಮೇಡಂ: ಎರಡೂ ಬದಿ ಸರ್. ಬಿಲ್ ಇದೆ, ಬೇಕಾ?